ಎರಿ ಮಣ್ಣಿನ್ಯಾಗ ಮನಿ, ಗ್ವಾಡಿ ಸೀಳ್ಯಾವ: ಆರೂವರಿ ಲಕ್ಷದ ಇಂಜೆಕ್ಷನ್ ಮಾಡಿಸ್ಲೋ ಬ್ಯಾಡೋ?

ಎರಿಮನಿ_ಹುಬ್ಳಿ (ಏಪ್ರಿಲ್)

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಕ್ಕೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಮನಿ ಹುಬ್ಬಳ್ಳ್ಯಾಗ ಗದಗ ರೋಡ್ ಕಡೆ, 30-40 ಸೈಟು, 2016ರಾಗ ಕಟ್ಟಿಸಿದ್ದು, ಬರೇ ಗ್ರೌಂಡ್ ಫ್ಲೋರ್. ಪಿಲ್ಲರ್ ಇಲ್ಲ, ಸೈಜುಗಲ್ಲಿನ ಪಾಯಾ, ಅದರ ಮ್ಯಾಲ ಇಟ್ಟಂಗಿ ಗ್ವಾಡಿ, ಮ್ಯಾಲೆ ಸ್ಲ್ಯಾಬು. ಭೂಮಿ ಅಪ್ಪಟ ಎರಿ, ಲೇಔಟ್ ಆಗೂಕಿಂತ ಮದ್ಲ ಅಲ್ಲಿ ಹತ್ತಿ ಬೆಳೀತಿದ್ರು.

2019ರ ಬ್ಯಾಸಗ್ಯಾಗ ನೈಋತ್ಯ ಮೂಲಿ ಬೆಡ್‌ರೂಮಿನ ಕಿಡಕಿ ತುದಿಯಿಂದ ಸ್ಲ್ಯಾಬಿನ ತನಕಾ ಓರೆಯಾಗಿ ಮೆಟ್ಟಲಾ ಮೆಟ್ಟಲಾ ಒಂದು ಬಿರುಕು ಬಂತು, ಕೂದಲಿನಷ್ಟು. ಪೇಂಟರ್ ಕಡೆ ಪುಟ್ಟಿ ತುಂಬಿಸಿದ್ವಿ. ಮಳಿಗಾಲದಾಗ ಪುಟ್ಟಿ ಪದರ್ ಪದರ್ ಉದುರಿ ಹಾಸಿಗಿ ಮ್ಯಾಲ ಬಿತ್ತು, ಮುಂದಿನ ಬ್ಯಾಸಗಿಗೆ ಬಿರುಕು ಮತ್ತ ಬಂತು. ಹಿಂಗ ಮೂರ್ ಸಲ ಆಗೇತಿ. ಈಗ ಮಗಳ ಪೆನ್ಸಿಲ್ ಒಳಗ ಹೊಕ್ಕತೈತಿ. ಇದು ಸಾಲದು ಅಂತ ಹಿಂದಿನ ಬಚ್ಚಲ ಗ್ವಾಡ್ಯಾಗೂ ಒಂದು ಬಂದೈತಿ, ಬಚ್ಚಲ ಬಾಗಲಾ ನೆಲಕ್ಕ ತಿಕ್ಕತೈತಿ, ಅದರ ಮುಂದಿನ ಟೈಲ್ಸ್ ಮ್ಯಾಲೆದ್ದು ಕಾಲಿಗೆ ಎಡವತಾವ.

ಒಬ್ಬ ಕಾಂಟ್ರ್ಯಾಕ್ಟರ್ ಬಂದು ನೋಡಿ ಪಾಯಾಕ್ಕ ಕೆಮಿಕಲ್ ಇಂಜೆಕ್ಷನ್ ಕೊಡಬೇಕು, ಅಂದ್ರ ಪಾಯಾದ ಕೆಳಗ ಫೋಮ್ ತುಂಬೂದು, ಆರೂವರಿ ಲಕ್ಷ ಅಂದ. ಇನ್ನೊಬ್ಬ ಬಂದು ನಾಲ್ಕೂ ಮೂಲಿ ಒಡದು ಪಿಲ್ಲರ್ ಹಾಕ್ರಿ ಅಂದ. ನಮ್ಮವ್ವ ನೈಋತ್ಯ ಮೂಲಿ ಇಳದ್ರ ಯಜಮಾನಗ ಒಳ್ಳೇದಲ್ಲ ಅಂತಾಳ, ಮನಿಯಾಕಿ ಮಾರಿಬಿಡೋಣು ಅಂತಾಳ. ಧಾರವಾಡದಾಗ 2019ರ ಮಾರ್ಚ್‌ನ್ಯಾಗ ಕಟ್ಟಡ ಬಿತ್ತಲ್ರಿ, ಅದನ್ನ ಕಣ್ಣಾರೆ ಹೋಗಿ ನೋಡಿ ಬಂದಾಂವ ನಾನು, ರಾತ್ರಿ ನಿದ್ದಿ ಹತ್ತವಲ್ದು. ಯಾರರ ತಿಳದವ್ರು ಹೇಳ್ರಿ.

ಸೈಟ್_ಸಾಹೇಬ

ಸರ್ ಮೊದಲು ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಧಾರವಾಡದ್ದು ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ, ನಿಮ್ಮದು ಒಂದೇ ಫ್ಲೋರ್, ಅದೂ ವರ್ಷಗಟ್ಟಲೆ ನಿಧಾನಕ್ಕೆ ಅಲುಗಾಡ್ತಾ ಇರೋದು. ಎರಡನ್ನೂ ಒಂದೇ ತಕ್ಕಡೀಲಿ ಇಡಬೇಡಿ. ಆದ್ರೆ ಗೋಡೆ ಹೊಟ್ಟೆ ಉಬ್ಬಿಸಿದ್ರೆ, ಲಿಂಟೆಲ್ (ಬಾಗಿಲು ಕಿಟಕಿ ಮೇಲಿನ ಅಡ್ಡ ತೊಲೆ) ಕೂತಿದ್ದ ಜಾಗದಿಂದ ಜಾರಿದ್ರೆ, ಇಲ್ಲ ಬಿರುಕು ಎರಡು ಮೂರು ದಿನದಲ್ಲಿ ಕಣ್ಣಿಗೆ ಕಾಣೋಷ್ಟು ಅಗಲ ಆದ್ರೆ ಆ ರೂಮಲ್ಲಿ ಮಲಗಬೇಡಿ, ತಕ್ಷಣ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ.

ಬಿಆರ್‌ಇ ಅಂತ ಬ್ರಿಟನ್ನಿನ ಕಟ್ಟಡ ಸಂಶೋಧನೆಯವರು ಒಂದು ಅಂದಾಜು ಕೊಟ್ಟಿದಾರೆ, ನಾವೂ ಅದನ್ನೇ ಬಳಸ್ತೀವಿ. ಬಿರುಕಿನ ಅಗಲ 1 ಎಂಎಂ ಒಳಗಿದ್ರೆ ಪೇಂಟಿನ ಕೆಲಸ, 5ರ ತನಕ ಸಣ್ಣದು, 5ರಿಂದ 15 ಮಧ್ಯಮ, 15 ದಾಟಿದ್ರೆ ಗಂಭೀರ. ಪೆನ್ಸಿಲ್ ಅಂದ್ರೆ 7 ಎಂಎಂ ಹತ್ರ, ಮಧ್ಯಮದ ಬಾಗಿಲಲ್ಲಿದೀರ. ಮನೆ ಮಾರೋ ಸ್ಥಿತಿ ಅಲ್ಲ, ಪುಟ್ಟಿಯಲ್ಲಿ ಮುಗಿಯೋ ಕೆಲಸಾನೂ ಅಲ್ಲ.

ದುಡ್ಡು ಬಿಚ್ಚೋ ಮೊದಲು ಇಷ್ಟು ಹೇಳಿ: ಬೆಡ್‌ರೂಮ್ ಬಿರುಕು ಮೇಲುಗಡೆ ಅಗಲವೋ ಕೆಳಗಡೆಯೋ? ಮಳೆಗಾಲದಲ್ಲಿ ಮುಚ್ಕೊಳ್ಳುತ್ತಾ? ಬಚ್ಚಲ ಗೋಡೆದು ಯಾವ ಕಾಲದಲ್ಲಿ ಜಾಸ್ತಿ ಆಗುತ್ತೆ? ಆ ಮೂಲೆ ಹೊರಗಡೆ ಏನಿದೆ, ಮರ ಗಿರ? ಸಂಪ್ ಎಲ್ಲಿ, ಬಚ್ಚಲ ಚೇಂಬರ್ ಎಲ್ಲಿ?

ಎರಿಮನಿ_ಹುಬ್ಳಿ

ಟಾರ್ಚ್ ಹಿಡದು ನೋಡಿ ಬಂದೆ ಸರ್. ಬೆಡ್‌ರೂಮಿಂದು ಮ್ಯಾಲ ಅಗಲ, ಕಿಡಕಿ ಕಡೆ ಬಂದಂಗ ಸಣ್ಣ. ಮಳಿಗಾಲದಾಗ ಅರ್ಧಕ್ಕರ್ಧ ಮುಚ್ಚತೈತಿ, ನೀವು ಕೇಳಿದ ಮ್ಯಾಲ ನೆನಪಾತು. ಬಚ್ಚಲದ್ದು ಮಳಿ ಬ್ಯಾಸಗಿ ಅಂತೇನಿಲ್ಲ, ಬರೇ ಬೆಳೀತಾನ ಹೊಂಟೈತಿ. ನೈಋತ್ಯ ಮೂಲಿ ಹೊರಗ ಬಾಜೂ ಮನಿ ಅಜ್ಜಿದು ಒಂದು ಬೇವಿನ ಗಿಡ ಐತಿ, ನಮ್ಮ ಗ್ವಾಡಿಂದ ಎಂಟ್ ಫೂಟ್ ಇರಬೇಕು, ಎರಡಂತಸ್ತಿನಷ್ಟು ಎತ್ತರ ಬೆಳದೈತಿ. ಸಂಪು ಮತ್ತ ಚೇಂಬರ್ ಎರಡೂ ಹಿಂದ ಬಚ್ಚಲ ಬಾಜೂಕ. ನಮ್ಮಲ್ಲಿ ನಳ ಬರೂದ ವಾರಕ್ಕೊಮ್ಮೆ, ಅದಕ್ಕ ಸಂಪು ದೊಡ್ಡದ ಕಟ್ಟಿಸೀವಿ.

ಗೌಂಡಿ_ಮಗ_ಗದಗ

ಅಣ್ಣಾರ ನೀವ ಉತ್ತರ ಹೇಳಿಬಿಟ್ರಿ. ನಮ್ಮಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡ್ಯಾನ, ಎರಿ ಭೂಮಿ ಅಂದ್ರ ಉಸರಾಡೂ ಭೂಮಿ ಅಂತಿದ್ದ. ಬ್ಯಾಸಗ್ಯಾಗ ಎರಿ ಹೊಲದಾಗ ಅಡ್ಯಾಡಿ ನೋಡ್ರಿ, ಮೊಣಕೈ ತನಕ ಕೈ ಹೊಕ್ಕತೈತಿ ಸೀಳಿನ್ಯಾಗ, ಅದ ಹೊಲ ಒಂದ್ ವಾರ ಜಡಿಮಳಿ ಹಿಡದ್ರ ಸೀಳು ಎಲ್ಲಿತ್ತು ಅಂತ ಹುಡುಕಿದ್ರೂ ಸಿಗೂದಿಲ್ಲ. ಅಂಥಾದರ ಮ್ಯಾಲ ಮನಿ ಕುಂತೈತಿ.

ಇನ್ನೊಂದು, ನಿಮ್ಮದು ಹೊಸಾ ಲೇಔಟ್ ಅಂದ್ರಿ, ಆದ್ರೂ ಕೇಳತೀನಿ, ಹಗೇವು ಗಿಗೇವು ಇತ್ತೇನ್ರಿ ಅಲ್ಲಿ? ಹಳೇ ಊರಿನ ಅಂಚಿಗೆ ಸೈಟ್ ಮಾಡಿದ್ರ ಜ್ವಾಳ ತುಂಬೂ ಹಗೇವು ಮುಚ್ಚಿದ್ದು ಕೆಳಗ ಇರತಾವ. ನಮ್ಮ ಕಡೆ ಒಂದು ಮನಿ ಪಾಯಾ ತೋಡು ಮುಂದ ಹಾರಿ ಹೊಡದ್ರ ಬುಳುಕ್ ಅಂತ ಒಳಗ ಹೋತು, ನೋಡಿದ್ರ ಆಳುದ್ದದ ಹಗೇವು, ಬಾಯಿಗೆ ಬರೇ ಒಂದು ಚಪ್ಪಡಿ ಕಲ್ಲು. ಅದನ್ನ ತುಂಬದ ಕಟ್ಟಿದ್ರ ಗ್ವಾಡಿ ಸೀಳೂದಲ್ಲ, ಒಂದಿನ ಮೂಲಿನ ಇಳಿತಿತ್ತು.

ಎರಿಮನಿ_ಹುಬ್ಳಿ

ಹಗೇವು ಇಲ್ರಿ, ಊರಿಂದ ದೂರ ಐತಿ, ಬರೇ ಹೊಲ ಇತ್ತು.

ಸೈಟ್_ಸಾಹೇಬ

ಗದಗಿನವರು ಹೇಳಿದ್ದು ಸರಿ. ಎರೆ ಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜಾತಿಯ ಜೇಡಿ ಇರುತ್ತೆ, ಅದರ ಪದರಗಳ ನಡುವೆ ನೀರು ನುಗ್ಗಿ ಕೂತ್ಕೊಳ್ಳುತ್ತೆ, ನೀರು ಬಂದ್ರೆ ಉಬ್ಬುತ್ತೆ, ಹೋದ್ರೆ ಕುಗ್ಗುತ್ತೆ. ನಮ್ಮ ದೇಶದ ಎರೆ ಭೂಮೀಲಿ ಈ ಆಟ ಸುಮಾರಾಗಿ ಮೂರೂವರೆ ಮೀಟರ್ ಆಳದ ತನಕ ನಡೆಯುತ್ತೆ, ಅದರ ಕೆಳಗೆ ತೇವ ವರ್ಷವಿಡೀ ಹೆಚ್ಚು ಕಮ್ಮಿ ಒಂದೇ ಇರುತ್ತೆ. ನಿಮ್ಮ ಸೈಜುಗಲ್ಲು ನಾಲ್ಕೈದು ಅಡಿ ಅಷ್ಟೇ ಹೋಗಿರುತ್ತೆ, ಅಂದ್ರೆ ಆಡೋ ಮಣ್ಣಿನ ನಡುಮಧ್ಯೆ ಕೂತಿದೆ.

ಜನ ಪಾಯ ಕುಸಿದಿದೆ, ಸೆಟಲ್‌ಮೆಂಟ್ ಆಗಿದೆ ಅಂತಾರೆ. ಕುಸಿಯೋದು ಅರ್ಧ ಕತೆ. ಇಡೀ ಮನೆ ಒಂದೇ ಸಮ ಒಂದಿಂಚು ಇಳಿದ್ರೂ ಗೋಡೆಗೆ ಗೊತ್ತೇ ಆಗಲ್ಲ. ಒಂದು ಮೂಲೆ ಇಳಿದು ಇನ್ನೊಂದು ನಿಂತಲ್ಲೇ ನಿಂತ್ರೆ, ಇಲ್ಲ ಮೇಲೆದ್ರೆ, ಆಗ ಸೀಳೋದು. ಅಂದಾಜಿಗೆ 300 ಅಡಿ ಉದ್ದಕ್ಕೆ ಒಂದಡಿ ಲೆಕ್ಕದಲ್ಲಿ ಓರೆ ಆಯ್ತು ಅಂದ್ರೆ ಗೋಡೆ ಬಿರುಕು ಬಿಡುತ್ತೆ. ಹತ್ತಡಿ ರೂಮಿಗೆ ಲೆಕ್ಕ ಹಾಕಿ, 10 ಎಂಎಂ ಬರುತ್ತೆ. ಅಷ್ಟು ಸಾಕು. ಒಂದು ಫ್ಲೋರ್ ಮನೆಗೆ ಇದು ಇನ್ನೂ ಕಷ್ಟ, ಯಾಕಂದ್ರೆ ಮಣ್ಣು ಉಬ್ಬೋ ಒತ್ತಡ ಗೋಡೆ ಭಾರಕ್ಕಿಂತ ಜಾಸ್ತಿ ಆಗಬಹುದು. ನಿಮ್ಮ ಕಡೆ ಕಾಂಪೌಂಡ್ ಗೋಡೆಗಳು ಹಾವಿನ ಹಾಗೆ ಡೊಂಕು ಹೊಡೆದಿರೋದು ನೋಡಿರ್ತೀರ, ಭಾರ ಇಲ್ಲ ಪಾಪ ಅವಕ್ಕೆ.

ಈಗ ನಿಮ್ಮ ಮನೆ. ಬಿರುಕು ಮೇಲೆ ಅಗಲ ಅಂದ್ರೆ ಮೂಲೆ ಹೊರಕ್ಕೆ, ಕೆಳಕ್ಕೆ ಜಗ್ತಾ ಇದೆ. ಬೇಸಿಗೇಲಿ ತೆರೆಯುತ್ತೆ, ಮಳೇಲಿ ಮುಚ್ಚುತ್ತೆ, ಪಕ್ಕದಲ್ಲಿ ಬೇವು. ಅದು ಒಣಗೋ ಕಾಯಿಲೆ. ಬಚ್ಚಲ ಕಡೆ ಟೈಲ್ಸ್ ಎದ್ದಿದೆ, ಬಾಗಿಲು ತಿಕ್ಕುತ್ತೆ, ಕಾಲ ನೋಡದೆ ಬೆಳೀತಿದೆ. ಅದು ನೆನೆಯೋ ಕಾಯಿಲೆ, ಎಲ್ಲೋ ನೀರು ಇಳೀತಾ ಇದೆ. ಎರಡೂ ಸೇರಿ ಮನೇನ ಆ ತುದಿಗೊಂದು ಈ ತುದಿಗೊಂದು ಹಿಡಿದು ತಿರುಚ್ತಾ ಇವೆ ಅಂತ ನನ್ನ ಅನುಮಾನ.

ಪುಟ್ಟಿ ಯಾಕೆ ನಿಲ್ಲಲಿಲ್ಲ ಗೊತ್ತಾಯ್ತಾ? ನೀವು ಬೇಸಿಗೇಲಿ ಬಾಯಿ ತೆರೆದಾಗ ತುಂಬಿದ್ರಿ, ಮಳೇಲಿ ಬಾಯಿ ಮುಚ್ಕೊಳ್ಳೋಕೆ ಹೋದಾಗ ಪುಟ್ಟಿ ಮಧ್ಯೆ ಸಿಕ್ಕಿ ಪುಡಿ ಆಯ್ತು.

ಎರಿಮನಿ_ಹುಬ್ಳಿ

ಅಯ್ಯ ಇದು ನನ್ನ ತಲ್ಯಾಗ ಹೊಳದೇ ಇರಲಿಲ್ಲ ಸರ್. ಪೇಂಟರಗ ಮೂರ್ ಸಲ ಬೈದೀನಿ, ಪುಟ್ಟಿ ನಕಲಿ ಹಾಕೀದಿ ಅಂತ.

ಬನಶಂಕರಿ_ಬಾಲು

ನಮ್ಮದು ಬೆಂಗ್ಳೂರು, ಅಪಾರ್ಟ್‌ಮೆಂಟಲ್ಲಿ ಪಿಲ್ಲರ್ ಪಕ್ಕ ನೇರವಾಗಿ ಮೇಲಿಂದ ಕೆಳಕ್ಕೆ ಗೆರೆ ಎಳೆದ ಹಾಗೆ ಬಿರುಕು ಬಂದಿದೆ, ಬೀಮ್ ಕೆಳಗೂ ಅಡ್ಡಕ್ಕೆ ಒಂದು. ಇದೂ ಫೌಂಡೇಶನ್ನಾ? ಅಸೋಸಿಯೇಷನ್ ಗ್ರೂಪಲ್ಲಿ ಎರಡು ದಿನದಿಂದ ಮಹಾಭಾರತ ನಡೀತಿದೆ.

ಸೈಟ್_ಸಾಹೇಬ

ಬಾಲು ಅವರೆ, ನೀವು ಹೇಳಿದ ರೀತೀದು ಬಹುಪಾಲು ಫೌಂಡೇಶನ್ ಅಲ್ಲ. ಕಾಂಕ್ರೀಟ್ ಪಿಲ್ಲರು ಮತ್ತೆ ಬ್ಲಾಕ್ ಗೋಡೆ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ, ಸೇರೋ ಜಾಗದಲ್ಲಿ ಜಾಲರಿ ಹಾಕದೆ ಪ್ಲಾಸ್ಟರ್ ಮಾಡಿದ್ರೆ ಅಲ್ಲೇ ಗೆರೆ. ಕಾಲಿಗಲ್ಲ, ಚರ್ಮಕ್ಕೆ ಬಂದ ಗಾಯ. ಓರೆ ಬಿರುಕು, ಮೆಟ್ಟಿಲು ಬಿರುಕು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣೋದು, ಜೊತೆಗೆ ಬಾಗಿಲು ಕಿಟಕಿ ಬಿಗಿ ಆಗೋದು, ಇವು ಕೆಳಗಿನಿಂದ ಬಂದವು. ಬೆಂಗಳೂರಲ್ಲಿ ಕೆಂಪು ಮಣ್ಣು ಸಾಮಾನ್ಯವಾಗಿ ಒಳ್ಳೇದೇ, ಕೆರೆ ಮುಚ್ಚಿದ ಜಾಗದಲ್ಲಿ ಮಾತ್ರ ಹುಷಾರಾಗಿರಬೇಕು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೇಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೇಲಿ. ಅಂಥ ಜಾಗದಲ್ಲಿ ತುಂಬಿದ ಮಣ್ಣು ವರ್ಷಾನುಗಟ್ಟಲೆ ಕೂರ್ತಾನೇ ಇರುತ್ತೆ.

ಕಡಲ_ತಡಿಯವ

ನಮ್ಮ ಮಂಗಳೂರು ಕಡೆ ಎರೆ ಮಣ್ಣು ಇಲ್ಲ ಮಾರಾಯ್ರೆ, ಆದ್ರೆ ಶೇಡಿ ಮಣ್ಣು ಉಂಟು. ಮೇಲೆ ಮುರಕಲ್ಲು ಗಟ್ಟಿ ಇರ್ತದೆ, ನೋಡಿದವರಿಗೆ ಬಂಡೆಯೇ ಅನ್ನಿಸ್ತದೆ, ಅದರ ಅಡಿಯಲ್ಲಿ ಬೆಣ್ಣೆ ಹಾಗೆ ಬಿಳಿ, ನಸುಗೆಂಪು ಶೇಡಿ. ಒಣಗಿದ್ದಾಗ ಪಿಕಾಸಿಗೂ ಬಗ್ಗುವುದಿಲ್ಲ, ನೀರು ತಾಗಿತೋ ಕರಗಿಯೇ ಹೋಗ್ತದೆ. ನಮ್ಮ ಚಿಕ್ಕಪ್ಪ ಜಾಗ ಸಮ ಮಾಡ್ಲಿಕ್ಕೆ ಜೇಸಿಬಿ ತಂದು ಗುಡ್ಡೆ ಕಡಿಸಿದ್ರು, ಮುರಕಲ್ಲಿನ ತೊಪ್ಪಿ ಪೂರಾ ಹೋಯ್ತು, ಮನೆ ನೇರ ಶೇಡಿ ಮೇಲೆ ಕೂತಿತು. ಆಟಿ ತಿಂಗಳ ಮಳೆಗೆ ಹಿಂದಿನ ಬರೆ (ಕಡಿದ ಗುಡ್ಡೆಯ ಅಂಚು) ಜರಿದು ಅಡುಗೆಮನೆ ಪಂಚಾಂಗದ, ಅಂದ್ರೆ ಪಾಯದ, ಕಲ್ಲು ಕಾಣ್ಲಿಕ್ಕೆ ಶುರು. ಅವರು ಮಾಡಿದ್ದು ಇಷ್ಟೇ, ಮೇಲಿನಿಂದ ಬರುವ ನೀರಿಗೆ ಮನೆ ಸುತ್ತ ಕಣಿ ತೆಗೆದು ಬೇರೆ ಕಡೆ ತಿರುಗಿಸಿದ್ರು, ಮತ್ತೆ ಬರೆಗೆ ಕಲ್ಲಿನ ಗೋಡೆ ಕಟ್ಟಿಸಿ ನಡುನಡುವೆ ನೀರು ಹೋಗ್ಲಿಕ್ಕೆ ಪೈಪು ಇಟ್ರು. ಈಗ ಆರು ಮಳೆಗಾಲ ಕಳೀತು, ಏನೂ ಆಗ್ಲಿಲ್ಲ.

ಮಡಿಕೇರಿ_ಮಂಜು

ನಮ್ಮಲ್ಲೂ ಅದೇ ಕತೆ, ಗುಡ್ಡ ಕಡಿದು ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸೈಟ್ ಮಾಡೋದು. ಮನೆ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. ನಮ್ಮ ಹಾಲ್ ನಡುವೆ ಸರಿಯಾಗಿ ಆ ಗೆರೆ ಮೇಲೇ ಬಿರುಕು ಬಂದಿದೆ. 2018ರ ಆಗಸ್ಟ್‌ನ ಭೂಕುಸಿತ ಆದ್ಮೇಲೆ ಮಳೆ ಜೋರಾದ್ರೆ ನಾನು ಮೊದಲು ಹೋಗಿ ನೋಡೋದು ಆ ಗೆರೇನೇ.

ಡಲ್ಲಾಸ್_ಕನ್ನಡಿಗ

ನಾನು ರಾಣೆಬೆನ್ನೂರಿನವ, ಹದಿನೈದು ವರ್ಷದಿಂದ ಟೆಕ್ಸಾಸ್‌ನಲ್ಲಿ ಇದ್ದೀನಿ. ಇಲ್ಲೂ ಅಪ್ಪಟ ನಮ್ಮ ಎರೆ ಭೂಮೀನೇ, ಬ್ಲ್ಯಾಕ್‌ಲ್ಯಾಂಡ್ ಅಂತಾರೆ. ಊರು ಬಿಟ್ಟು ಇಷ್ಟು ದೂರ ಬಂದ್ರೂ ಮಣ್ಣು ಬಿಡಲಿಲ್ಲ ಅಂತ ನಮ್ಮಪ್ಪ ನಗ್ತಾರೆ. ಇಲ್ಲಿ ಬೇಸಿಗೇಲಿ ಮನೆ ಸುತ್ತ ಗೋಡೆಯಿಂದ ಒಂದು ಒಂದೂವರೆ ಅಡಿ ದೂರಕ್ಕೆ ತೂತಿನ ಪೈಪ್ ಹಾಸಿ ಪಾಯಕ್ಕೆ ನೀರು ಹನಿಸ್ತಾರೆ ಗೊತ್ತಾ! ನೆಲ ಒಣಗಬಾರದು, ಜಾಸ್ತಿ ನೆನೀಲೂ ಬಾರದು, ವರ್ಷವಿಡೀ ಒಂದೇ ತೇವ ಇರಬೇಕು ಅಂತ. ಮೊದಲ ವರ್ಷ ನೋಡಿ ಇವರಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ.

ಗೌಂಡಿ_ಮಗ_ಗದಗ

ನಮ್ಮಲ್ಲಿ ಕುಡಿಯಾಕ ನೀರ ವಾರಕ್ಕೊಮ್ಮೆ ಬರತಾವ ಸಾಹೇಬ್ರ, ಪಾಯಾಕ್ಕ ಎಲ್ಲಿಂದ ತರೂಣು 😀 ಆದ್ರ ಮಾತು ಖರೇ ಐತಿ. ನಮ್ಮಪ್ಪ ಪಾಯಾ ಕಟ್ಟಿದ ಮ್ಯಾಲ ಮನಿ ಸುತ್ತ ಎರಡು ಮಾರು ಗರಸು ಬಡಿದು ಮ್ಯಾಲ ಫರಸಿ ಹಾಸಾಕ ಹೇಳ್ತಿದ್ದ. ಬಿಸಲೂ ಒಳಗ ಹೋಗಬಾರದು, ಮಳಿನೂ ಹೋಗಬಾರದು ಅಂತ. ಮಾಲಕರು ರೊಕ್ಕ ಉಳಸಾಕ ಅದನ್ನ ಮದ್ಲ ಕತ್ತರಿಸ್ತಾರ.

ವಾಸ್ತುದ್ದೂ ಹೇಳಿಬಿಡ್ತೀನಿ, ನೈಋತ್ಯಕ್ಕ ಭಾರ ಇಡ್ರಿ ಅಂತಾರಲ್ಲ, ಎರಿಗೆ ಅದು ಬಾಳ ಚಲೋ ಮಾತು. ಆದ್ರ ನಾಲ್ಕೂ ಕಡೆ ಇಡಬೇಕು!

ಎರಿಮನಿ_ಹುಬ್ಳಿ (ಹತ್ತು ದಿನದ ಮ್ಯಾಲ)

ಸೈಟ್ ಸಾಹೇಬ್ರು ಖಾಸಗಿಯಾಗಿ ಒಂದಿಷ್ಟು ಪರೀಕ್ಷೆ ಹೇಳಿಕೊಟ್ಟಿದ್ರು, ಎಲ್ಲಾ ಮಾಡೀನಿ, ಇಲ್ಲಿ ಬರದ್ರ ಬ್ಯಾರೇದವ್ರಿಗೂ ಉಪಯೋಗ ಆಕ್ಕೈತಿ.

ಮದ್ಲ ಸಂಪು. ರಾತ್ರಿ ಮೋಟಾರ್ ಬಂದ್ ಮಾಡಿ, ಒಳಗ ಬರೂ ನಳಾನೂ ಕಟ್ಟಿ, ನೀರಿನ ಮಟ್ಟಕ್ಕ ಸುಣ್ಣದ ಗೆರಿ ಹೊಡದು ಮುಚ್ಚಿದೆ. ಮರುದಿನ ಸಂಜೀಗೆ ನೋಡಿದ್ರ ಗೆರಿ ಅಲ್ಲೇ, ನೀರೂ ಅಲ್ಲೇ. ಸಂಪು ನಿರಪರಾಧಿ.

ಆಮ್ಯಾಲ ಚೇಂಬರ್. ಹೊರಗ ಹೋಗೂ ಪೈಪಿಗೆ ಹಳೇ ಧೋತರ ತುರುಕಿ ಬಾಯಿ ತನಕಾ ನೀರು ತುಂಬಿಸಿದೆ. ಚಾ ಕುಡಿದು ಬರೂದ್ರೊಳಗ ಎರಡಿಂಚು ಇಳದಿತ್ತು, ಎರಡು ತಾಸಿಗೆ ಅರ್ಧಾನೂ ಇಲ್ಲ! ಒಳಗ ಇಳದು ಕೈ ಹಾಕಿ ನೋಡಿದ್ರ ತಳಕ್ಕ ಕಾಂಕ್ರೀಟ ಇಲ್ಲ, ಬರೇ ಇಟ್ಟಂಗಿ ಜೋಡಿಸಿ ಅದರ ಮ್ಯಾಲ ಒಂದು ಕೋಟ್ ಗಿಲಾವ್ ಎಳದಾರ, ಅದೂ ಒಡದೈತಿ. ಒಂಬತ್ತು ವರ್ಷ ನಾವು ಮೈ ತೊಳದ ನೀರೆಲ್ಲಾ ಪಾಯಾಕ್ಕ ಕುಡಿಸೇವಿ.

ಮೂರನೇದು ತಗ್ಗು. ಗ್ವಾಡಿಯಿಂದ ಎರಡು ಫೂಟ್ ಬಿಟ್ಟು ಎರಡು ಕಡೆ ಸಣ್ಣ ತಗ್ಗು, ಐದೈದು ಫೂಟ್ ಆಳ. ಬೇವಿನ ಕಡೆ ಮಣ್ಣು ಹೆಂಟಿ ಹೆಂಟಿ ಕಲ್ಲಿನಂಗ ಎದ್ದು ಬಂತು, ಬೆರಳು ದಪ್ಪದ ಬೇರು ಎರಡು ಸೀದಾ ಸೈಜುಗಲ್ಲಿನ ಕೆಳಗ ಹೊಕ್ಕಿದ್ವು. ಬಚ್ಚಲ ಕಡೆ ಮಣ್ಣು ಸಲಕಿಗೆ ಅಂಟಿಕೊಂಡು ಬಿಡವಲ್ದು, ಕೈಯಾಗ ಹಿಚುಕಿದ್ರ ಬೆರಳ ಸಂದ್ಯಾಗಿಂದ ನಾದಿದ ಹಿಟ್ಟಿನಂಗ ಹೊರಗ ಬಂತು. ಒಂದ ಮನಿ, ನಲವತ್ತು ಫೂಟ್ ಅಂತರ, ಎರಡು ಊರಿನ ಮಣ್ಣು ನೋಡಿದಂಗಾತು. ಇನ್ನ ಪಾಯಾ ಆಳ. ಕಟ್ಟಿದಾಂವ ಐದು ಫೂಟ್ ಹಾಕೀನಿ ಅಂದಿದ್ದ, ಟೇಪ್ ಹಿಡದ್ರ ಮೂರೂವರಿ. ಅವನ ಬಗ್ಗೆ ಏನ್ ಹೇಳಲಿ, ಬಿಡ್ರಿ.

ಮಣ್ಣನ್ನ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕೊಟ್ಟಿದ್ದೆ, ಫ್ರೀ ಸ್ವೆಲ್ ಇಂಡೆಕ್ಸ್ 110 ಬಂದೈತಿ.

ಸೈಟ್_ಸಾಹೇಬ

ಟೆಸ್ಟ್ ಏನು ಅಂತ ಬೇರೆಯವರಿಗೆ ಹೇಳ್ತೀನಿ. ಜರಡಿ ಹಿಡಿದ ಒಣ ಮಣ್ಣು ಹತ್ತತ್ತು ಗ್ರಾಂ, ಎರಡು ಗಾಜಿನ ಸಿಲಿಂಡರ್, ಒಂದರಲ್ಲಿ ನೀರು, ಒಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೇಲಿ ಮಣ್ಣು ಉಬ್ಬಲ್ಲ. ಒಂದು ದಿನ ಬಿಟ್ಟು ನೀರಲ್ಲಿರೋದು ಶೇಕಡಾ ಎಷ್ಟು ಜಾಸ್ತಿ ಏರಿದೆ ಅಂತ ನೋಡೋದು. 50ರ ಒಳಗಿದ್ರೆ ಚಿಂತೆ ಇಲ್ಲ, 100 ದಾಟಿದ್ರೆ ಹೆಚ್ಚು ಉಬ್ಬೋ ಮಣ್ಣು, 200 ಮೇಲೆ ಹೋದ್ರೆ ದೇವರೇ ಗತಿ. ನಿಮ್ಮದು 110, ಅಂದ್ರೆ ಒಂದಕ್ಕೆ ಎರಡಾಗಿ ಉಬ್ಬಿದೆ.

ಈಗ ಇಂಜೆಕ್ಷನ್ ವಿಚಾರ. ನಾನು ಅದರ ವಿರೋಧಿ ಅಲ್ಲ, ಪಾಯದ ಕೆಳಗೆ ಪೊಳ್ಳು ಇದ್ರೆ, ಸಡಿಲ ಮಣ್ಣು ಇದ್ರೆ ಕೆಲಸ ಮಾಡುತ್ತೆ. ಆದ್ರೆ ಕೆಳಗಿರೋ ಮಣ್ಣೇ ಉಸಿರಾಡ್ತಾ ಇರೋವಾಗ ಅದರ ಬಾಯಿಗೆ ಫೋಮ್ ತುಂಬಿ ಏನು ಪ್ರಯೋಜನ, ಪುಟ್ಟಿ ಕತೇನೇ ಆರೂವರೆ ಲಕ್ಷಕ್ಕೆ ಆಗುತ್ತೆ. ಪಿಲ್ಲರ್ ಸಲಹೆ ಇನ್ನೂ ಅಪಾಯ. ಮೂಲೆಗಳನ್ನ ಮಾತ್ರ ಆಳಕ್ಕೆ ಇಳಿಸಿದ್ರೆ ಅವು ಅಲುಗಾಡಲ್ಲ, ಉಳಿದ ಮನೆ ಅಲುಗಾಡುತ್ತೆ, ಬಿರುಕು ಎರಡೂ ಸೇರೋ ಜಾಗಕ್ಕೆ ಶಿಫ್ಟ್ ಆಗುತ್ತೆ ಅಷ್ಟೆ.

ನನ್ನ ಸಲಹೆ: ಚೇಂಬರ್ ಒಡೆದು ತಳಕ್ಕೆ ಕಾಂಕ್ರೀಟ್ ಹಾಕಿ ಹೊಸದಾಗಿ ಕಟ್ಟಿ, ಪೈಪ್ ಜಾಯಿಂಟ್ ಎಲ್ಲ ಬದಲಿಸಿ. ಮನೆ ಸುತ್ತ ಕನಿಷ್ಠ ಐದಡಿ ಅಗಲ ಏಪ್ರನ್ (ನೀರು ಇಳಿಯದ ಗಟ್ಟಿ ಹಾಸು), ಹೊರಗಡೆಗೆ ಇಳಿಜಾರು, ಗೋಡೆಗೆ ಸೇರೋ ಜಾಗದಲ್ಲಿ ಸಂದು ಬಿಡಬೇಡಿ. ತಾರಸಿ ನೀರಿನ ಪೈಪ್ ನೆಲಕ್ಕೆ ಬಿಡದೆ ಚರಂಡಿ ತನಕ ಒಯ್ಯಿರಿ. ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಟೀಲ್ ಮೊಳೆ ಹೊಡೆದು ಮಧ್ಯದ ದೂರ ತಿಂಗಳಿಗೊಮ್ಮೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ. ಒಂದು ವರ್ಷ ಪುಟ್ಟಿ ಮುಟ್ಟಬೇಡಿ.

ಎರಿಮನಿ_ಹುಬ್ಳಿ

ಬೇವಿನ ಗಿಡಾ ಕಡಿಸಿಬಿಡ್ಲೇನ್ರಿ? ಅಜ್ಜಿ ಜೋಡಿ ಮಾತಾಡಿದೆ, ಒಪ್ಪವಲ್ಲಳು. ಯುಗಾದಿಗೆ ಓಣಿ ಮಂದಿಯೆಲ್ಲಾ ಬೇವಿನ ಹೂವು ಇಲ್ಲಿಂದ ಒಯ್ತಾರ, ನನ್ನ ಗಂಡ ಹಚ್ಚಿದ ಗಿಡಾ ಇದು, ನೀನು ಮನಿ ಕಟ್ಟಿದ್ದು ಆಮ್ಯಾಲ ಅಂದ್ಲು. ಅದೂ ಖರೇನ.

ಸೈಟ್_ಸಾಹೇಬ

ಅಜ್ಜಿ ಒಪ್ಪದೇ ಇದ್ದದ್ದು ಒಳ್ಳೇದಾಯ್ತು. ದೊಡ್ಡ ಮರ ಒಂದೇ ಸಲ ಕಡಿದ್ರೆ ಅದು ಕುಡೀತಿದ್ದ ನೀರೆಲ್ಲ ಮಣ್ಣಲ್ಲೇ ಉಳಿಯುತ್ತೆ, ಇಷ್ಟು ವರ್ಷ ಒಣಗಿದ್ದ ಎರೆ ಉಬ್ಬಿ ಆ ಮೂಲೆ ಮೇಲೆದ್ದು ಇನ್ನೊಂದು ರೀತಿ ಬಿರುಕು ಬರುತ್ತೆ. ಕೊಂಬೆ ವರ್ಷಕ್ಕಿಷ್ಟು ಅಂತ ಸವರಿಸಿ, ಎಲೆ ಕಮ್ಮಿ ಆದ್ರೆ ಕುಡಿಯೋದೂ ಕಮ್ಮಿ. ನಿಮ್ಮ ಜಾಗದಲ್ಲಿ ಗೋಡೆಗೂ ಮರಕ್ಕೂ ಮಧ್ಯೆ ಐದಡಿ ಆಳದ ಕಿರಿದಾದ ಕಾಲುವೆ ತೆಗೆದು ದಪ್ಪ ಪ್ಲಾಸ್ಟಿಕ್ ಶೀಟ್ ಇಳಿಸಿ ಮುಚ್ಚಿ. ಒಂದೇ ಸಲ ಉದ್ದಕ್ಕೂ ಅಗೀಬೇಡಿ, ತುಂಡು ತುಂಡಾಗಿ ಮಾಡಿ. ಅಜ್ಜಿಗೂ ಹೇಳಿಯೇ ಮಾಡಿ.

ಹೊಸಮನಿ_ಕನಸು

ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ನಾವು ನವಲಗುಂದದಾಗ ಈ ವರ್ಷ ಪಾಯಾ ಹಾಕಬೇಕಂತೀವಿ, ಅಲ್ಲೂ ಎರಿ. ಗೌಂಡಿ ಉಸುಕು ತುಂಬೋಣು ಅಂತಾನ. ಅಂಡರ್ ರೀಮ್ಡ್ ಪೈಲ್ ಅಂತ ಕೇಳೀನಿ, ಹಂಗಂದ್ರೇನ್ರಿ?

ಗೌಂಡಿ_ಮಗ_ಗದಗ

ಉಸುಕು ಬ್ಯಾಡ್ರಿ ತಂಗಿ. ಸುತ್ತ ಎರಿ, ನಡುವ ಉಸುಕು ಅಂದ್ರ ಬಾಂವಿ ತೋಡಿದಂಗ, ಮಳಿ ನೀರೆಲ್ಲಾ ಬಂದು ಅಲ್ಲೇ ಕುಂದರತೈತಿ. ಗರಸು ಹಾಕ್ರಿ, ಅರ್ಧರ್ಧ ಫೂಟ್ ಪದರ ಹಾಕಿ ನೀರು ಚಿಮುಕಿಸಿ ಧಮ್ಮಸ್ ಹೊಡಸ್ರಿ. ಒಂದ ಸಲ ಟ್ರ್ಯಾಕ್ಟರ್ ಸುರುವಿ ಮ್ಯಾಲ ಬಡದ್ರ ಗರಸೂ ಉಸುಕಿನಷ್ಟ.

ಸೈಟ್_ಸಾಹೇಬ

ಉಸುಕಿನ ವಿಚಾರದಲ್ಲಿ ನಾನೂ ಅದೇ ಪಕ್ಷ. ಗರಸಿನಂಥ ಉಬ್ಬದ, ಆದ್ರೆ ಸ್ವಲ್ಪ ಅಂಟು ಇರೋ ಮಣ್ಣಿನ ಪದರ ಎರೆ ಮೇಲೆ ಹಾಕಿ ಬಡಿಯೋದಕ್ಕೆ ಸಿಎನ್‌ಎಸ್ ಅಂತಾರೆ, ಐಐಟಿ ಬಾಂಬೆಯಲ್ಲಿದ್ದ ಪ್ರೊ. ಆರ್.ಕೆ. ಕಟ್ಟಿ ಅವರು ಇದರ ಮೇಲೆ ದೊಡ್ಡ ಕೆಲಸ ಮಾಡಿದ್ರು, ನಮ್ಮ ಮಲಪ್ರಭಾ ಕಾಲುವೆಗೂ ಇದನ್ನ ಬಳಸಿದಾರೆ. ಹಳೇ ಗೌಂಡಿಗಳ ಗರಸಿನ ಬುದ್ಧಿ ಅಲ್ಲೂ ಇದೆ.

ಅಂಡರ್ ರೀಮ್ಡ್ ಪೈಲ್ ಅಂದ್ರೆ ರೂರ್ಕಿಯ ಸಿಬಿಆರ್‌ಐನವರು (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಎರೆ ಭೂಮಿಗೇ ಅಂತ ಬೆಳೆಸಿದ ಪದ್ಧತಿ, ಐಎಸ್ 2911 ಅನ್ನೋ ಭಾರತೀಯ ಮಾನಕದ ಮೂರನೇ ಭಾಗದಲ್ಲಿದೆ. ಮೂರೂವರೆ ಮೀಟರ್ ಅಥವಾ ಇನ್ನೂ ಆಳಕ್ಕೆ ಬೋರ್ ಹಾಕಿ, ತಳದ ಹತ್ರ ಕಾಂಡದ ಎರಡೂವರೆ ಪಟ್ಟು ಅಗಲಕ್ಕೆ ಗಡ್ಡೆ ಥರ ಹಿಗ್ಗಿಸಿ ಕಾಂಕ್ರೀಟ್ ತುಂಬೋದು. ಅಲ್ಲಿ ಮಣ್ಣು ಅಲುಗಾಡಲ್ಲ, ಮೇಲಿನ ಮಣ್ಣು ಜಗ್ಗಿದ್ರೂ ಗಡ್ಡೆ ಹಿಡ್ಕೊಂಡಿರುತ್ತೆ. ಪೈಲ್ ಮೇಲಿನ ಬೀಮ್ ನೆಲಕ್ಕೆ ತಾಗಿಸಬೇಡಿ, 80 ಎಂಎಂ ಆದ್ರೂ ಸಂದು ಇರಬೇಕು, ಮಣ್ಣು ಉಬ್ಬಿದ್ರೆ ಆ ಸಂದಿಗೆ ಉಬ್ಬಲಿ. ಎಷ್ಟೋ ಕಡೆ ಪೈಲ್ ಚೆನ್ನಾಗಿ ಹಾಕಿ ಬೀಮ್ ಅಡಿಗೆ ಮಣ್ಣು ಗಿಡಿದು ಹಾಳು ಮಾಡ್ತಾರೆ. ಗಡ್ಡೆ ಹಿಗ್ಗಿಸೋ ಸಲಕರಣೆ ಇರೋರನ್ನೇ ಹಿಡೀರಿ, ಸುಮ್ನೆ ಬೋರ್ ಹಾಕಿ ಕಾಂಕ್ರೀಟ್ ಸುರಿದು ಅದೇ ಇದು ಅನ್ನೋರು ಇದಾರೆ.

ಎರಿಮನಿ_ಹುಬ್ಳಿ (ಸೆಪ್ಟೆಂಬರ್)

ಎಲ್ಲಾರೂ ಮರತಿರಬೇಕು, ನಾನು ಮರತಿಲ್ಲ. ಮೇ ತಿಂಗಳದಾಗ ಚೇಂಬರ್ ಹೊಸದಾಗಿ ಕಟ್ಟಿಸಿದೆ, ಪೈಪ್ ಸೇರಿ ಹದಿನಾಲ್ಕು ಸಾವಿರ. ಏಪ್ರನ್ ಮೂರು ಕಡೆ ಐದು ಫೂಟ್, ಒಂದು ಕಡೆ ಜಾಗಾ ಇಲ್ಲ, ಮೂರ ಫೂಟ್. ಬೇವಿನ ಕಡೆ ಶೀಟ್ ಇಳಿಸೇವಿ, ಅಜ್ಜಿ ಕುರ್ಚಿ ಹಾಕ್ಕೊಂಡು ಕುಂತು ಒಂದೊಂದು ಬೇರು ಎಣಿಸಿ ಕಡಿಸ್ಯಾಳ.

ಮೊಳಿ ಅಂತರ ಅಳದು ಬಿರುಕಿನ ಅಗಲ ಲೆಕ್ಕ ಹಾಕಿ ಬರದೀನಿ: ಬೆಡ್‌ರೂಮಿನ ಬಿರುಕು ಮೇ ಕಡೀಗೆ 7.2, ಜುಲೈಗೆ 5, ಈಗ 3.1 ಎಂಎಂ. ಬಚ್ಚಲದ್ದು 4.4 ಇತ್ತು, ಈಗ 4.3. ಬೆಳಿಯೂದು ನಿಂತೈತಿ. ಬಾಗಲಾ ಮಾತ್ರ ಇನ್ನೂ ತಿಕ್ಕತೈತಿ, ಉಬ್ಬಿದ ಮಣ್ಣು ಇಳಿಯಾಕ ಟೈಮ್ ಬೇಕಂತ.

ಇಂಜೆಕ್ಷನ್‌ದಾಂವ ಮೂರ್ ಸಲ ಫೋನ್ ಮಾಡಿದ್ದ. ಮೊನ್ನೆ ಮಾಡಿದಾಗ ನಾಲ್ಕು ಲಕ್ಷಕ್ಕ ಇಳದಾನ.

ಬನಶಂಕರಿ_ಬಾಲು

ಅವನ ರೇಟಿಗೂ ಸೆಟಲ್‌ಮೆಂಟ್ ಶುರು ಆಯ್ತು ಅನ್ನಿ 😂

ಎರಿಮನಿ_ಹುಬ್ಳಿ (ಮರುವರ್ಷ, ಮೇ)

ಕಡೀ ಅಪ್‌ಡೇಟ್. ಈ ಬ್ಯಾಸಗಿ ಬಿಸಲು ನಿಮಗ ಗೊತ್ತೈತಿ. ಬೆಡ್‌ರೂಮಿನ ಬಿರುಕು 4.6ಕ್ಕ ನಿಂತೈತಿ, ಹ್ವಾದ ವರ್ಷ ಇದ ಹೊತ್ತಿಗೆ ಏಳು ದಾಟಿತ್ತು. ಬಚ್ಚಲದ್ದು 3.8. ಬಾಗಲಾ ಶಿವರಾತ್ರಿ ಹಿಂದ ಮುಂದ ತಿಕ್ಕೂದು ಬಿಟ್ಟೈತಿ, ಯಾವತ್ತು ಬಿಟ್ತು ಅಂತ ಗೊತ್ತ ಆಗಲಿಲ್ಲ. ಈಗ ಬಿರುಕು ತುಂಬಬಹುದೇನ್ರಿ ಸಾಹೇಬ್ರ?

ಸೈಟ್_ಸಾಹೇಬ

ಈಗ ಬೇಡ, ಬಾಯಿ ತೆರೆದಿರೋ ಕಾಲ, ಮತ್ತೆ ಪುಡಿ ಆಗುತ್ತೆ. ದೀಪಾವಳಿ ಕಳೀಲಿ, ನೆಲ ಪೂರ್ತಿ ನೆಂದೂ ಇರಲ್ಲ ಒಣಗಿಯೂ ಇರಲ್ಲ. ಆಗ ಪ್ಲಾಸ್ಟರ್ ಕೆತ್ತಿ, ನಾಲ್ಕೈದು ವರಸೆಗೆ ಒಂದರಂತೆ ಇಟ್ಟಿಗೆ ಸಂದಿಯ ಗಾರೆ ತೆಗೆದು, ಬಿರುಕಿಗೆ ಅಡ್ಡಲಾಗಿ ಆ ಕಡೆ ಈ ಕಡೆ ಒಂದೂವರೆ ಅಡಿ ಹೋಗೋ ಹಾಗೆ 6 ಎಂಎಂ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಕೂರಿಸಿ, ಕುಗ್ಗದ ಗ್ರೌಟ್ ತುಂಬಿ ಹೊಲಿಗೆ ಹಾಕಿಸಿ. ಆಮೇಲೆ ಜಾಲರಿ, ಪ್ಲಾಸ್ಟರ್, ಕೊನೆಗೆ ನಿಮ್ಮ ಆ ಪೇಂಟರ್.

ಎರಿಮನಿ_ಹುಬ್ಳಿ

ಆತ್ರಿ, ದೀಪಾವಳಿ ತನಕಾ ಮೊಳಿ ಅಲ್ಲೇ ಇರಲಿ. ಪೇಂಟರಗ ಫೋನ್ ಹಚ್ಚಿದ್ದೆ, ಪುಟ್ಟಿ ನಕಲಿ ಇರಲಿಲ್ಲೋ ತಮ್ಮಾ, ತಪ್ಪಾತು ಅಂದೆ. ಅಂವ ಯಾರ್ರೀ ಮಾತಾಡೂದು ಅಂದ.